ಇಬ್ಬರ ಉಸಿರು, ಒಂದು ಕೋಣೆ

ಸ್ವರ ತಪ್ಪಿಲ್ಲ, ತಾಳ ತಪ್ಪಿಲ್ಲ, ವಾದ್ಯದ ದನಿಯೂ ನಕಲಿಯಲ್ಲ. ಆದರೂ ಹಾಡು ಶುರುವಾಗಿ ನಾಲ್ಕು ಬಡಿತ ಕಳೆಯುವುದರೊಳಗೆ ಇದು ಕಂಪ್ಯೂಟರಿನಲ್ಲಿ ಜೋಡಿಸಿದ್ದು ಅಂತ ಕಿವಿಗೆ ಗೊತ್ತಾಗಿಬಿಡುತ್ತದೆ. ಅರವತ್ತರ ದಶಕದ ಅಮೆರಿಕದ ಸೋಲ್ (ಕಪ್ಪು ಜನರ ಜನಪ್ರಿಯ ಸಂಗೀತ) ಹಾಡುಗಳಲ್ಲಿ ಕೇಳುವ ಟ್ರಂಪೆಟ್, ಸ್ಯಾಕ್ಸೊಫೋನ್ ಜೋಡಿಯ ದನಿಯನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಲು ಕೂತಾಗಲೆಲ್ಲ ನನ್ನನ್ನು ಕಾಡುವುದು ಇದು. ಇವತ್ತಿನ ಸ್ಯಾಂಪಲ್ ಲೈಬ್ರರಿಗಳಲ್ಲಿ ಇರುವುದು ಹಳೆಯ ಕೀಬೋರ್ಡುಗಳ ಪ್ಲಾಸ್ಟಿಕ್ ದನಿಯಲ್ಲ. ನಿಜವಾದ ವಾದಕರು ಒಳ್ಳೆಯ ಸ್ಟುಡಿಯೊದಲ್ಲಿ, ಒಳ್ಳೆಯ ಮೈಕಿನ ಮುಂದೆ ನಿಂತು ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ, ಗಿಡ್ಡವಾಗಿ, ಉದ್ದವಾಗಿ ಊದಿದ್ದನ್ನು ಬಿಡಿಬಿಡಿಯಾಗಿ ಮುದ್ರಿಸಿ ಇಟ್ಟಿರುತ್ತಾರೆ. ಬಿಡಿಯಾಗಿ ಕೇಳಿದರೆ ಪ್ರತಿ ಸ್ವರವೂ ನಿಜ. ಸಾಲಾಗಿ ಕೇಳಿದರೆ ಒಟ್ಟು ಸುಳ್ಳು. ಹಾಗಾದರೆ ಸುಳ್ಳು ಹುಟ್ಟುವುದು ಎಲ್ಲಿ?

ನಾನು ಹೇಳುತ್ತಿರುವುದು ಮುಖ್ಯವಾಗಿ ಮೆಂಫಿಸ್ ಊರಿನ ದನಿಯ ಬಗ್ಗೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಲ್ಲಿ ಗುಡುಗುವ ಬ್ಯಾರಿಟೋನ್ ಸ್ಯಾಕ್ಸ್ ನನಗೂ ಇಷ್ಟ. ಜೇಮ್ಸ್ ಬ್ರೌನ್ ತಂಡದಲ್ಲಿ ಮೇಸಿಯೊ ಪಾರ್ಕರ್, ಪೀ ವೀ ಎಲ್ಲಿಸ್, ಫ್ರೆಡ್ ವೆಸ್ಲಿ ಊದುವ ವಾದ್ಯಗಳನ್ನೇ ತಾಳವಾದ್ಯವಾಗಿಸಿದ್ದು ಇನ್ನೊಂದು ಲೋಕ, ಅದಕ್ಕೆ ಬೇರೆಯೇ ಬರಹ ಬೇಕು. ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಊರಿನ ಸ್ಟ್ಯಾಕ್ಸ್ ರೆಕಾರ್ಡ್ಸ್ ಎಂಬ ಹಾಡಿನ ಕಂಪನಿಯ ಹತ್ತಿರ. ಟ್ರಂಪೆಟ್ ಊದುತ್ತಿದ್ದ ವೇಯ್ನ್ ಜಾಕ್ಸನ್, ಟೆನರ್ ಸ್ಯಾಕ್ಸ್ ಊದುತ್ತಿದ್ದ ಆಂಡ್ರ್ಯೂ ಲವ್. ಮುಂದೆ ಮೆಂಫಿಸ್ ಹಾರ್ನ್ಸ್ ಎಂದು ಹೆಸರಾದದ್ದು ಈ ಇಬ್ಬರ ಜೋಡಿಯೇ. ಗಾಯಕ ಓಟಿಸ್ ರೆಡ್ಡಿಂಗ್ ಹಾಡುಗಳ ಹಿಂದೆ ಇವರ ಜೊತೆಗೆ ಇನ್ನೊಂದು ಸ್ಯಾಕ್ಸ್ ಸೇರಿಕೊಂಡಿರುವುದುಂಟು. ಅಷ್ಟೇ. ಇಡೀ ಊರು ಎದ್ದು ನಿಂತ ಹಾಗೆ ಕೇಳುವ ಆ ದನಿ ಇಬ್ಬರದು, ಹೆಚ್ಚೆಂದರೆ ಮೂವರದು.

ಮೂರು ಮೂರಲೆ ಒಂಬತ್ತು

ಸಾಫ್ಟ್‌ವೇರಿನ ಮೊದಲ ತೊಡಕು ಇರುವುದೇ ಈ ಎಣಿಕೆಯಲ್ಲಿ. ಲೈಬ್ರರಿ ತೆರೆದರೆ ಕಣ್ಣಿಗೆ ಬೀಳುವುದು ‘ಹಾರ್ನ್ ಸೆಕ್ಷನ್’ ಅನ್ನುವ ಪ್ಯಾಚ್, ಅಂದರೆ ಊದುವ ವಾದ್ಯಗಳ ಗುಂಪಿನ ಸಿದ್ಧ ದನಿ. ಒಂದು ಕೀ ಒತ್ತಿದರೆ ಮೂವರು ಒಟ್ಟಿಗೆ ಊದಿದ ದನಿ ಬರುತ್ತದೆ, ಕೇಳಿದವರ ಮೈ ಜುಮ್ಮೆನ್ನುತ್ತದೆ. ಅದೇ ಖುಷಿಯಲ್ಲಿ ಮೂರು ಸ್ವರಗಳ ಕಾರ್ಡ್ ಒತ್ತಿದರೆ ಒಳಗೆ ನಿಂತು ಊದುವವರು ಒಂಬತ್ತು ಜನ. ನಾಲ್ಕು ಸ್ವರಕ್ಕೆ ಹನ್ನೆರಡು. ದನಿ ದಪ್ಪವಾಗುತ್ತದೆ, ಆದರೆ ಅದರಲ್ಲಿ ಯಾರೂ ಇರುವುದಿಲ್ಲ. ಒಬ್ಬೊಬ್ಬರ ನಾಲಿಗೆಯ ಪೆಟ್ಟು, ಒಬ್ಬರು ಇನ್ನೊಬ್ಬರಿಗಿಂತ ಕೂದಲೆಳೆಯಷ್ಟು ಮುಂಚೆ ಬಿಟ್ಟ ಸ್ವರ, ಎಲ್ಲವೂ ಆ ದಪ್ಪದಲ್ಲಿ ಮುಚ್ಚಿಹೋಗುತ್ತವೆ. ಟಿವಿ ಕಾರ್ಯಕ್ರಮಗಳ ಶೀರ್ಷಿಕೆ ಸಂಗೀತದಲ್ಲಿ ಕೇಳುವ ಹೊಳಪಿನ ಬ್ರಾಸ್ ಇದೇ. ಅದು ಅಲ್ಲಿಗೆ ಸರಿ. ಮೆಂಫಿಸ್‌ಗೆ ಅಲ್ಲ.

ಹಾಗಾಗಿ ನಾನು ಈಗ ಆ ಪ್ಯಾಚನ್ನು ಮುಟ್ಟುವುದಿಲ್ಲ. ಟ್ರಂಪೆಟ್‌ಗೆ ಒಂದು ಟ್ರ್ಯಾಕ್, ಟೆನರ್‌ಗೆ ಒಂದು ಟ್ರ್ಯಾಕ್, ತೀರಾ ಬೇಕಾದರೆ ಬ್ಯಾರಿಟೋನ್‌ಗೆ ಒಂದು. ಪ್ರತಿಯೊಂದನ್ನೂ ಒಂಟಿ ವಾದ್ಯವಾಗಿ, ಬೇರೆ ಬೇರೆಯಾಗಿ, ಹಾಡಿನ ಆರಂಭದಿಂದ ಕೊನೆಯವರೆಗೆ ನುಡಿಸುತ್ತೇನೆ. ಒಂದರ ಸ್ವರಗಳನ್ನು ನಕಲು ಮಾಡಿ ಇನ್ನೊಂದಕ್ಕೆ ಅಂಟಿಸುವುದಿಲ್ಲ. ಇದರಿಂದ ದನಿ ತೆಳ್ಳಗಾಗುತ್ತದೆ ಅನ್ನುವ ಭಯ ಮೊದಲಿಗೆ ಇರುತ್ತದೆ. ಆಗುವುದು ತಿರುಗಾಮುರುಗಾ. ಕಾರ್ಡ್ ಒತ್ತುವಾಗ ಬೆರಳುಗಳು ತಮಗೆ ಸುಲಭವಾದ ಆಕಾರವನ್ನು ಹುಡುಕಿಕೊಳ್ಳುತ್ತವೆ, ನಡುವಿನ ಸ್ವರ ಎಲ್ಲೆಲ್ಲಿಗೋ ಜಿಗಿಯುತ್ತದೆ. ಟೆನರ್ ಸಾಲನ್ನು ಒಂಟಿಯಾಗಿ ನುಡಿಸಲು ಕೂತರೆ ಅದಕ್ಕೂ ಒಂದು ರಾಗದ ಎಳೆ ಬೇಕಾಗುತ್ತದೆ, ಅದೂ ಎಲ್ಲಿಂದಲೋ ಹೊರಟು ಎಲ್ಲಿಗೋ ತಲುಪಬೇಕಾಗುತ್ತದೆ. ಸ್ಟ್ಯಾಕ್ಸ್ ಹಾಡುಗಳನ್ನು ಗಮನಿಸಿ ಕೇಳಿ: ಅರ್ಧಕ್ಕರ್ಧ ಕಡೆ ಎಲ್ಲರೂ ಒಂದೇ ಸ್ವರ ಊದುತ್ತಿರುತ್ತಾರೆ, ಇಲ್ಲವೇ ಅದನ್ನೇ ಮೇಲಿನ ಕೆಳಗಿನ ಸ್ಥಾಯಿಗಳಲ್ಲಿ. ಹಾರ್ಮನಿ ಬಂದಾಗ ಅದು ಬಂದದ್ದು ಎದ್ದು ಕಾಣುವುದು ಅದಕ್ಕೇ.

ಓಟಿಸ್ ರೆಡ್ಡಿಂಗ್ ಈ ಸಾಲುಗಳನ್ನು ವಾದಕರಿಗೆ ಬರೆದುಕೊಡುತ್ತಿರಲಿಲ್ಲ, ಬಾಯಲ್ಲಿ ಹಾಡಿ ತೋರಿಸುತ್ತಿದ್ದರು. ಸ್ಟ್ಯಾಕ್ಸ್ ಬಗ್ಗೆ ಓದಿದವರಿಗೆಲ್ಲ ಇದು ಗೊತ್ತು, ಆದರೆ ಇದರ ಅರ್ಥ ನನಗೆ ಸರಿಯಾಗಿ ಇಳಿದದ್ದು ನಾನೇ ಕಟ್ಟಲು ಕೂತಾಗ. ಆ ಹಾಡುಗಳಲ್ಲಿ ಹಿಂದೆ ಕೋರಸ್ ಹಾಡುವವರು ಸಾಮಾನ್ಯವಾಗಿ ಇರುವುದಿಲ್ಲ. ಆ ಜಾಗದಲ್ಲಿ ನಿಂತು ಹಾಡುಗಾರನಿಗೆ ಹೂಂಗುಟ್ಟುವುದು, ಸಮಾಧಾನ ಹೇಳುವುದು, ಕೆಣಕುವುದು ಎಲ್ಲ ಈ ವಾದ್ಯಗಳೇ. ಅವು ಹಾಡಿನ ಸಾಹಿತ್ಯ ಮುಗಿದ ಕಡೆ ಬಾಯಿ ತೆರೆಯುತ್ತವೆ, ಸಾಹಿತ್ಯ ಶುರುವಾದ ಕೂಡಲೇ ಮುಚ್ಚುತ್ತವೆ. 1966ರ ‘ಟ್ರೈ ಎ ಲಿಟ್ಲ್ ಟೆಂಡರ್‌ನೆಸ್’ ಶುರುವಾಗುವುದೇ ಊದುವ ವಾದ್ಯಗಳಿಂದ. ದನಿಗಳು ಒಂದರ ಬೆನ್ನಿಗೆ ಒಂದು ಬಂದು ಹೆಣೆದುಕೊಂಡು, ಓಟಿಸ್ ಬಾಯಿ ತೆರೆಯುವ ಹೊತ್ತಿಗೆ ದಾರಿ ಬಿಟ್ಟುಕೊಡುತ್ತವೆ. ಅದರ ಅರೇಂಜ್‌ಮೆಂಟಿನ ಹಿಂದೆ ಐಸಾಕ್ ಹೇಯ್ಸ್ ಇದ್ದರು. ಆ ಆರಂಭವನ್ನು ನಾನು ಕೀಬೋರ್ಡಿನಲ್ಲಿ ಬಿಡಿಸಿ ನೋಡಿದ್ದೇನೆ. ಸ್ವರಗಳು ಕೈಗೆ ಸಿಕ್ಕವು, ದುಃಖ ಸಿಗಲಿಲ್ಲ. ಆಮೇಲೆ ಕೀಬೋರ್ಡನ್ನು ಪಕ್ಕಕ್ಕಿಟ್ಟು ಪ್ರತಿ ಸಾಲನ್ನೂ ಬಾಯಲ್ಲಿ ಹಾಡಿ ಫೋನಿನಲ್ಲಿ ಮುದ್ರಿಸಿಕೊಂಡೆ. ನನ್ನದು ಹಾಡುವ ಗಂಟಲೇನಲ್ಲ. ಆದರೆ ಹಾಡುವಾಗ ಎಲ್ಲಿ ಜೋರು ಬರಬೇಕು, ಎಲ್ಲಿ ಸ್ವರ ಕೊನೆಯಲ್ಲಿ ಸಣ್ಣಗೆ ಜಾರಬೇಕು ಅನ್ನುವುದನ್ನು ಯೋಚಿಸುವ ಅಗತ್ಯವೇ ಬೀಳುವುದಿಲ್ಲ, ಮೈ ಅದನ್ನು ತಾನೇ ಮಾಡುತ್ತದೆ. ಆ ಫೋನ್ ರೆಕಾರ್ಡಿಂಗ್ ಕೇಳುತ್ತಾ ಅದರ ಏರಿಳಿತವನ್ನೇ ಕೀಬೋರ್ಡಿನ ಪಕ್ಕದ ತಿರುಗಿಸುವ ಚಕ್ರವಾದ ಮಾಡ್ ವೀಲ್‌ನಲ್ಲಿ ಹಿಡಿಯುವುದು ಈಗ ನನ್ನ ಪದ್ಧತಿ.

ಮಾಡ್ ವೀಲ್ ವಿಷಯ ಬಂದಿದ್ದರಿಂದ ಒಂದು ಮಾತು. ಕೀಬೋರ್ಡು, ಕಂಪ್ಯೂಟರುಗಳು ಸ್ವರದ ಸೂಚನೆಗಳನ್ನು ಹಂಚಿಕೊಳ್ಳಲು 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಕೀ ಒತ್ತಿದ ರಭಸಕ್ಕೆ 127ರ ತನಕ ಒಂದು ಅಂಕೆ ಇರುತ್ತದೆ. ಪಿಯಾನೊಗೆ ಅಷ್ಟು ಸಾಕು, ಹೊಡೆದ ಮೇಲೆ ಆ ತಂತಿಯ ಮೇಲೆ ವಾದಕನ ಹಿಡಿತ ಹೆಚ್ಚೇನೂ ಉಳಿಯುವುದಿಲ್ಲ. ಊದುವ ವಾದ್ಯದಲ್ಲಿ ಸ್ವರ ಹುಟ್ಟಿದ ಮೇಲೆಯೇ ಕಥೆ ಶುರು. ಟ್ರಂಪೆಟ್ ಜೋರಾದಾಗ ಅದರ ವಾಲ್ಯೂಮ್ ಮಾತ್ರ ಏರುವುದಿಲ್ಲ, ದನಿಯ ಬಣ್ಣವೇ ಬದಲಾಗುತ್ತದೆ. ಕೊಳವೆಯೊಳಗಿನ ಒತ್ತಡದ ಅಲೆ ಕಡಿದಾಗುತ್ತಾ ಹೋಗಿ ಮೇಲಿನ ಉಪಸ್ವರಗಳು ಸಿಡಿಯುತ್ತವೆ. ಆ ಹಿತ್ತಾಳೆಯ ಉರಿ ಬರುವುದು ಅಲ್ಲಿಂದ. ಲೈಬ್ರರಿಯಲ್ಲಿ ಇದಕ್ಕಾಗಿ ಮೆಲ್ಲಗಿನ, ನಡುವಿನ, ಜೋರಿನ ಪದರಗಳು ಇರುತ್ತವೆ, ವೀಲ್ ತಿರುಗಿಸಿದರೆ ಒಂದರಿಂದ ಇನ್ನೊಂದಕ್ಕೆ ಕರಗುತ್ತದೆ. ಕರಗುವ ಆ ಗಳಿಗೆಯಲ್ಲಿ ಸರಿಯಾಗಿ ಕೇಳಿದರೆ ಒಬ್ಬನ ಬದಲು ಇಬ್ಬರು ಊದುತ್ತಿರುವುದು ಗೊತ್ತಾಗುತ್ತದೆ. ಮುದ್ರಿಸಿದ ದನಿಯನ್ನು ಬಳಸದೆ ಕೊಳವೆಯ ಭೌತಶಾಸ್ತ್ರವನ್ನೇ ಲೆಕ್ಕ ಹಾಕಿ ದನಿ ಹುಟ್ಟಿಸುವ ಫಿಸಿಕಲ್ ಮಾಡೆಲಿಂಗ್ ವಾದ್ಯಗಳಲ್ಲಿ ಈ ತೊಂದರೆ ಇಲ್ಲ, ಆದರೆ ಅವುಗಳ ದನಿ ಸ್ವಲ್ಪ ಒಣಕಲು. ಉದ್ದನೆಯ, ಏರುವ ಸ್ವರಗಳಿಗೆ ಮಾಡೆಲಿಂಗ್, ಗಿಡ್ಡ ಏಟುಗಳಿಗೆ ಸ್ಯಾಂಪಲ್. ನಾನು ಬಂದು ನಿಂತಿರುವುದು ಇಲ್ಲಿ.

ಪುತ್ತೂರಿನ ಚಾವಡಿ

ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಪಾಠ ದಕ್ಷಿಣ ಕನ್ನಡದ್ದು. ನಮ್ಮ ಕರಾವಳಿಯಲ್ಲಿ ಸ್ಯಾಕ್ಸೊಫೋನ್ ಪರಕೀಯ ವಾದ್ಯ ಅಂತ ಯಾರಿಗೂ ಅನ್ನಿಸುವುದಿಲ್ಲ. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮನಸೋತು, ವರ್ಷಗಟ್ಟಲೆ ಸಾಧನೆ ಮಾಡಿ ಕರ್ನಾಟಕ ಸಂಗೀತವನ್ನು ಅದರಲ್ಲಿ ನುಡಿಸಿದ ಮೇಲೆ ದೇವಸ್ಥಾನದ ಉತ್ಸವಕ್ಕೂ ಮದುವೆಗೂ ಅದೇ ಮಂಗಳವಾದ್ಯ ಎಂಬಷ್ಟು ಅದು ಒಗ್ಗಿಹೋಗಿದೆ. ಪುತ್ತೂರಿನ ಹತ್ತಿರ ನನ್ನ ಚಿಕ್ಕಮ್ಮನ ಮನೆ ಇದೆ. ಹೆಂಚಿನ ಮಾಡು, ಮರದ ಮುಚ್ಚಿಗೆ, ಉದ್ದನೆಯ ಚಾವಡಿ. ಕಂಪ್ಯೂಟರಿನಲ್ಲಿ ಕಟ್ಟಿದ ಹಾರ್ನ್ಸ್ ಟ್ರ್ಯಾಕನ್ನು ಆ ಚಾವಡಿಯಲ್ಲಿ ಸ್ಪೀಕರಿನಿಂದ ನುಡಿಸಿ, ದೂರದಲ್ಲಿ ಒಂದೇ ಮೈಕಿಟ್ಟು ಮರಳಿ ಮುದ್ರಿಸಿಕೊಳ್ಳಲು ಹೋಗಿದ್ದೆ. ಪಕ್ಕದ ತೋಟದಲ್ಲಿ ಅಡಿಕೆ ಸುಲಿಯುವ ಯಂತ್ರ ನಿಂತ ಬಿಡುವುಗಳಲ್ಲಿ ರೆಕಾರ್ಡಿಂಗ್ ನಡೆಯುತ್ತಿತ್ತು. ಆ ಊರಿನಲ್ಲಿ ದೇವಸ್ಥಾನಗಳಿಗೆ ಸ್ಯಾಕ್ಸೊಫೋನ್ ನುಡಿಸುವ ಹಿರಿಯರೊಬ್ಬರು ಸದ್ದು ಕೇಳಿ ಒಳಗೆ ಬಂದು ಕೂತರು. ಟೆನರ್ ಟ್ರ್ಯಾಕ್ ಒಂದನ್ನೇ ನುಡಿಸಲು ಹೇಳಿದರು. ಕಣ್ಣು ಮುಚ್ಚಿ ಕೇಳಿದರು.

“ಈ ಸ್ವರ ಇಷ್ಟು ಮೆಲ್ಲ ಬರುದಿಲ್ಲ ಮಾರಾಯ್ರೆ,” ಅಂದರು. “ತೀರಾ ಅಡಿಯ ಸ್ವರ ಅಲ್ವಾ ಇದು? ಮೆಲ್ಲ ಊದಿದ್ರೆ ಅದು ಮಾತೇ ಆಡುದಿಲ್ಲ. ಮಾತಾಡಿಸ್ಬೇಕಾದ್ರೆ ಸ್ವಲ್ಪ ದಮ್ಮು ಹಾಕ್ಲೇಬೇಕು.”

“ಸಾಫ್ಟ್‌ವೇರಲ್ಲಿ ಬರ್ತದೆ ಅಣ್ಣ,” ಅಂದೆ.

“ಬರ್ಬಹುದು. ಆದ್ರೆ ಊದಿದ ಹಾಗೆ ಕೇಳುದಿಲ್ಲ.”

ಆಮೇಲೆ ತಮ್ಮ ಆಲ್ಟೊ ತರಿಸಿ ತೋರಿಸಿದರು. ಕೆಳಗಿನ ಸ್ವರವನ್ನು ಮೆಲ್ಲಗೆ ಊದಿದಾಗ ಮೊದಲು ಬರೀ ಗಾಳಿ ಬಂತು, ಒಂದು ಕ್ಷಣ ತಡವಾಗಿ ದನಿ ಒಡೆದು ಹೊರಟಿತು. ದವಡೆ ಸಡಿಲಿಸಿ ಊದಿದಾಗ ಅದೇ ಸ್ವರ ಮೆಲ್ಲಗೆ ಬಂತು, ಆದರೆ ಪೂರ್ತಿ ಬೇರೆ ಬಣ್ಣದಲ್ಲಿ, ಉಸಿರು ತುಂಬಿಕೊಂಡು. ನಂತರ ತುತ್ತುಕಾರ ತೋರಿಸಿದರು. ಒಂದೇ ಸ್ವರವನ್ನು ನಾಲಿಗೆಯಿಂದ ನಾಲ್ಕು ಸಲ ಬಿಡಿಸಿದರು. ನಾಲ್ಕೂ ಬೇರೆ ಬೇರೆ. ಮೊದಲನೆಯದು ಗಟ್ಟಿ, ಎರಡನೆಯದು ಅದರ ನೆರಳು, ಮೂರನೆಯದರಲ್ಲಿ ನಾಲಿಗೆ ಮುಟ್ಟಿಯೇ ಇಲ್ಲವೇನೋ ಎಂಬಷ್ಟು ಹಗುರ, ನಾಲ್ಕನೆಯದು ಮುಂದಿನ ಸ್ವರದ ಕಡೆಗೆ ವಾಲಿದ್ದು. ಒಂದೇ ಸ್ವರ ಮೆಷಿನ್ ಗನ್ನಿನಂತೆ ಕೇಳಬಾರದು ಅಂತ ಲೈಬ್ರರಿ ಮಾಡುವವರು ರೌಂಡ್ ರಾಬಿನ್ ಇಡುತ್ತಾರೆ, ಅಂದರೆ ಒಂದೇ ಸ್ವರದ ಹಲವು ರೆಕಾರ್ಡಿಂಗುಗಳನ್ನು ಸರದಿಯಲ್ಲಿ ಬಿಡುತ್ತಾರೆ. ಅಲ್ಲಿ ಬೇರೆತನ ಇದೆ, ಉದ್ದೇಶ ಇಲ್ಲ. ಇವರ ನಾಲ್ಕು ಸ್ವರಗಳಲ್ಲಿ ಪ್ರತಿಯೊಂದಕ್ಕೂ ಮುಂದೇನು ಬರಲಿದೆ ಅಂತ ಗೊತ್ತಿತ್ತು.

ನನ್ನ ಪ್ರಶ್ನೆಗೆ ಉತ್ತರದ ತುದಿ ಸಿಕ್ಕಿದ್ದು ಅಲ್ಲಿ. ನಿಜವಾದ ವಾದ್ಯದಲ್ಲಿ ಸ್ವರದ ಎತ್ತರಕ್ಕೂ ಅದಕ್ಕೆ ಬೇಕಾದ ಶ್ರಮಕ್ಕೂ ಗಂಟು ಬಿದ್ದಿದೆ. ಟ್ರಂಪೆಟ್ ಮೇಲಕ್ಕೆ ಹೋದಷ್ಟೂ ಮೆಲ್ಲಗೆ ಊದುವುದು ಕಷ್ಟ, ಸ್ಯಾಕ್ಸ್ ಕೆಳಕ್ಕೆ ಇಳಿದಷ್ಟೂ ಕಷ್ಟ. ದೊಡ್ಡ ಜಿಗಿತಕ್ಕೆ ಮುಂಚೆ ಸಣ್ಣ ಸಿದ್ಧತೆ ಬೇಕು. ಜೋರಾಗಿ ಊದಿದಾಗ ಟ್ರಂಪೆಟ್ ಶ್ರುತಿ ತುಸು ಏರುವ ಕಡೆಗೆ, ಸ್ಯಾಕ್ಸ್ ಶ್ರುತಿ ತುಸು ಇಳಿಯುವ ಕಡೆಗೆ ಎಳೆಯುತ್ತದೆ. ಇಬ್ಬರೂ ಒಟ್ಟಿಗೆ ಒಂದೇ ಸ್ವರವನ್ನು ಏರಿಸುತ್ತಾ ಹೋದಾಗ ಅವರ ನಡುವೆ ಸಣ್ಣದೊಂದು ತಿಕ್ಕಾಟ ಹುಟ್ಟುತ್ತದೆ, ಇಬ್ಬರೂ ಕಿವಿಗೊಟ್ಟು ಅದನ್ನು ಹಿಡಿದು ನಿಲ್ಲಿಸುತ್ತಾರೆ. ಮೆಂಫಿಸ್ ಹಾಡುಗಳ ಏರುವ ಸ್ವರಗಳಲ್ಲಿ ಎದೆ ಹಿಂಡಿದಂತಾಗುವುದು ಈ ತಿಕ್ಕಾಟದಿಂದ ಅಂತ ನನ್ನ ನಂಬಿಕೆ. ಸಾಫ್ಟ್‌ವೇರಿನಲ್ಲಿ ಎಲ್ಲ ಸ್ವರಕ್ಕೂ ಒಂದೇ ಶ್ರಮ, ಅಂದರೆ ಶೂನ್ಯ. ಅದರ ಶ್ರುತಿ ಕದಲುವುದಿಲ್ಲ. ಯಾವ ಸ್ವರವನ್ನು ಬೇಕಾದರೂ ಹೇಗೆ ಬೇಕಾದರೂ ನುಡಿಸಬಹುದು ಅನ್ನುವ ಆ ಸ್ವಾತಂತ್ರ್ಯದಲ್ಲೇ ಸುಳ್ಳು ಹುಟ್ಟುವುದು.

ಈಗ ನಾನು ಕೂತು ಆ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವ ಕೆಲಸ ಮಾಡುತ್ತೇನೆ. ಟೆನರಿನ ತಳದ ಸ್ವರಗಳನ್ನು ಒಂದು ಮಟ್ಟಕ್ಕಿಂತ ಮೆಲ್ಲಗೆ ಬಿಡುವುದಿಲ್ಲ. ಉದ್ದ ಸ್ವರ ಏರುವಾಗ ಟ್ರಂಪೆಟ್ ಶ್ರುತಿಯನ್ನು ನಾಲ್ಕೈದು ಸೆಂಟ್ ಮೇಲಕ್ಕೆ, ಸ್ಯಾಕ್ಸನ್ನು ಅಷ್ಟೇ ಕೆಳಕ್ಕೆ ಬಾಗಿಸಿ ಮತ್ತೆ ಹತ್ತಿರ ತರುತ್ತೇನೆ. ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್, ಹಾಗಾಗಿ ಇದು ಅಪಶ್ರುತಿ ಅಂತ ಯಾರಿಗೂ ಕೇಳುವುದಿಲ್ಲ. ಕಂಪನವನ್ನು ಸ್ವರದ ಕೊನೆಗಷ್ಟೇ ಇಡುತ್ತೇನೆ. ಸಾಲುಗಳ ನಡುವೆ ಉಸಿರಿಗೆ ಜಾಗ ಬಿಡುತ್ತೇನೆ, ಉಸಿರು ತೆಗೆದುಕೊಂಡ ಮೇಲಿನ ಮೊದಲ ಸ್ವರಕ್ಕೆ ಬಲ ಹೆಚ್ಚು. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಸ್ವರಗಳ ಕೊನೆ. ಶುರು ಸ್ವಲ್ಪ ಹಿಂದುಮುಂದಾದರೂ ನಡೆಯುತ್ತದೆ. ನಿಲ್ಲಿಸುವುದು ಮಾತ್ರ ಒಟ್ಟಿಗೆ ಆಗಬೇಕು, ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಲ್ಲಿಸಿದ ಹಾಗೆ. ಜೋಡಿ ಅನ್ನಿಸುವುದು ಅಲ್ಲಿ.

ಇಳಿಜಾರಿನ ಸಿನಿಮಾ ಮಂದಿರ

ಸ್ಟ್ಯಾಕ್ಸ್ ಸ್ಟುಡಿಯೊ ಮೊದಲು ಕ್ಯಾಪಿಟಲ್ ಎಂಬ ಸಿನಿಮಾ ಮಂದಿರವಾಗಿತ್ತು, ಮೆಂಫಿಸ್‌ನ ಈಸ್ಟ್ ಮೆಕ್ಲೆಮೋರ್ ಅವೆನ್ಯೂದಲ್ಲಿ. ಜಿಮ್ ಸ್ಟುವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಅದನ್ನು ಬಾಡಿಗೆಗೆ ಹಿಡಿದು ಕುರ್ಚಿಗಳನ್ನು ಕಿತ್ತರು, ಗೋಡೆಗೆ ಪರದೆ ಕಟ್ಟಿದರು, ತೆರೆಯಿದ್ದ ವೇದಿಕೆಯ ಮೇಲೆ ಕಂಟ್ರೋಲ್ ರೂಮ್ ಮಾಡಿದರು. ತಿಂಡಿ ಮಾರುವ ಜಾಗ ರೆಕಾರ್ಡ್ ಅಂಗಡಿಯಾಯಿತು. ನೆಲದ ಇಳಿಜಾರನ್ನು ಹಾಗೆಯೇ ಬಿಟ್ಟರು. ಎತ್ತರದ ಮಾಡು, ಸಮಾನಾಂತರವಲ್ಲದ ನೆಲ, ಅದರಲ್ಲಿ ಎಲ್ಲರೂ ಒಟ್ಟಿಗೆ. ಡ್ರಮ್ಸ್ ಸದ್ದು ಟ್ರಂಪೆಟ್ ಮೈಕಿಗೆ ಸೋರುತ್ತಿತ್ತು, ಟ್ರಂಪೆಟ್ ಸದ್ದು ಹಾಡುಗಾರನ ಮೈಕಿಗೆ. 1965ರಲ್ಲಿ ಧ್ವನಿ ಎಂಜಿನಿಯರ್ ಟಾಮ್ ಡೌಡ್ ಬಂದು ಎರಡು ಟ್ರ್ಯಾಕಿನ ಯಂತ್ರ ಹಾಕುವ ತನಕ ಅಲ್ಲಿ ಮುದ್ರಣ ಮೋನೊದಲ್ಲೇ, ಅಂದರೆ ಎಲ್ಲ ದನಿಯೂ ಒಂದೇ ಟ್ರ್ಯಾಕಿಗೆ ಬೀಳುವಂತೆ ನಡೆಯುತ್ತಿತ್ತು. ಆಮೇಲೆ ಸರಿ ಮಾಡುವ ಅವಕಾಶವೇ ಇಲ್ಲ ಅಂದಾಗ ಮನುಷ್ಯರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವ ರೀತಿಯೇ ಬೇರೆ.

ತಾಳದ ವಿಷಯದಲ್ಲೂ ಈ ಕೇಳಿಸಿಕೊಳ್ಳುವಿಕೆ ಇದೆ. 1965ರ ಮೇ ತಿಂಗಳಲ್ಲಿ ವಿಲ್ಸನ್ ಪಿಕೆಟ್ ಹಾಡಿದ ‘ಇನ್ ದ ಮಿಡ್‌ನೈಟ್ ಅವರ್’ ಮುದ್ರಣದ ಹೊತ್ತಿಗೆ ನಿರ್ಮಾಪಕ ಜೆರ್ರಿ ವೆಕ್ಸ್‌ಲರ್ ಆಗ ಚಾಲ್ತಿಯಲ್ಲಿದ್ದ ಜರ್ಕ್ ಎಂಬ ಕುಣಿತವನ್ನು ತಾವೇ ಕುಣಿದು ತೋರಿಸಿ, ಎರಡನೆಯ, ನಾಲ್ಕನೆಯ ಬಡಿತ ಹೀಗೆ ಬೀಳಲಿ ಅಂದರಂತೆ. ಅಲ್ಲಿಂದ ಆ ಸ್ಟುಡಿಯೊದ ಹಾಡುಗಳಲ್ಲಿ ಸ್ನೇರ್ ಡ್ರಮ್ಮಿನ ಪೆಟ್ಟು ಒಂಚೂರು ತಡವಾಗಿ ಬೀಳತೊಡಗಿತು. ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ಗ್ರಿಡ್ಡಿಗೆ, ಅಂದರೆ ಪರದೆಯ ಮೇಲಿನ ಸಮ ಅಳತೆಯ ತಾಳದ ಗೆರೆಗಳಿಗೆ, ಕೂರಿಸಿದರೆ ಈ ಜೀವ ಹೊರಟುಹೋಗುತ್ತದೆ. ಹಾಗಂತ ರ‍್ಯಾಂಡಮ್ ಗುಂಡಿ ಒತ್ತಿ ಸ್ವರಗಳನ್ನು ಚೆಲ್ಲಾಡಿದರೂ ಬರುವುದಿಲ್ಲ. ನಿಮಿಷಕ್ಕೆ 100 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೆ 600 ಮಿಲಿಸೆಕೆಂಡ್, ಅದರಲ್ಲಿ 15-20 ಮಿಲಿಸೆಕೆಂಡ್ ತಡವಾದರೂ ಹಾಡಿನ ನಡಿಗೆ ಬದಲಾಗುತ್ತದೆ. ನಾನು ಮೊದಲು ಸ್ನೇರ್ ಎಲ್ಲಿ ಬೀಳುತ್ತದೆ ಅಂತ ತೀರ್ಮಾನಿಸಿ ಹಾರ್ನ್ಸನ್ನು ಅದಕ್ಕೆ ಕಟ್ಟುತ್ತೇನೆ, ಗ್ರಿಡ್ಡಿಗೆ ಅಲ್ಲ. ಸ್ಯಾಕ್ಸ್ ದನಿ ಅರಳಲು ಟ್ರಂಪೆಟ್‌ಗಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುವುದರಿಂದ ಅದನ್ನು ಕೂದಲಷ್ಟು ಮುಂಚೆ ಹೊರಡಿಸಬೇಕು.

ಚಾವಡಿಯಲ್ಲಿ ಮರಳಿ ಮುದ್ರಿಸಿದ್ದೂ ಇದಕ್ಕೇ. ಕೋಣೆಯ ಮಾರ್ದನಿ ಹುಟ್ಟಿಸುವ ರಿವರ್ಬ್ ಪ್ಲಗಿನ್ ಪ್ರತಿ ವಾದ್ಯಕ್ಕೂ ಬೇರೆ ಬೇರೆ ಕೋಣೆ ಕೊಡಬಲ್ಲದು, ಆದರೆ ಇವರಿಬ್ಬರಿಗೆ ಬೇಕಾದದ್ದು ಒಂದೇ ಕೋಣೆ. ಟ್ರಂಪೆಟ್ ಟ್ರ್ಯಾಕ್ ನುಡಿಸುವಾಗ ಸ್ಪೀಕರನ್ನು ಬಾಗಿಲ ಹತ್ತಿರ ಇಟ್ಟೆ, ಟೆನರ್ ನುಡಿಸುವಾಗ ಕಂಬದ ಹತ್ತಿರ. ಮೈಕನ್ನು ಅಲುಗಿಸಲಿಲ್ಲ. ಎರಡನ್ನೂ ಕೂಡಿಸಿದಾಗ ಅವರ ನಡುವೆ ಗಾಳಿ ಬಂತು. ಸದ್ದು ಮೂರೂವರೆ ಮೀಟರ್ ದಾಟಲು ಸುಮಾರು 10 ಮಿಲಿಸೆಕೆಂಡ್ ಬೇಕು, ಕಿವಿ ಅಷ್ಟು ಸಣ್ಣ ತಡವನ್ನು ಜಾಗವೆಂದು ಓದಿಕೊಳ್ಳುತ್ತದೆ. ಆಮೇಲೆ ಮಾಡಿದ್ದು ಕಡಿಮೆ: ಹಳೆಯ ರಿಬ್ಬನ್ ಮೈಕಿನಲ್ಲಿ ಆಗುವಂತೆ ಮೇಲಿನ ಹೊಳಪನ್ನು ತಗ್ಗಿಸಿದೆ, ಟೇಪಿನ ಪ್ಲಗಿನ್‌ನಲ್ಲಿ ಏಟುಗಳ ತುದಿಯನ್ನು ಸ್ವಲ್ಪ ಮೊಂಡು ಮಾಡಿದೆ, ಎಡಬಲ ಹರಡದೆ ನಡುವೆಯೇ ಇಟ್ಟೆ. ಹಾಡಿದವರ ಟ್ರ್ಯಾಕಿನೊಳಕ್ಕೂ ಹಾರ್ನ್ಸನ್ನು ತುಸು ಸೋರಲು ಬಿಟ್ಟೆ.

ಹೆಸರುಗಳು

ವೇಯ್ನ್ ಜಾಕ್ಸನ್ ಬಿಳಿಯರು, ಆಂಡ್ರ್ಯೂ ಲವ್ ಕಪ್ಪು ವರ್ಣದವರು. ಅರವತ್ತರ ದಶಕದ ಮೆಂಫಿಸ್ ಇಬ್ಬರನ್ನೂ ಬೇರೆ ಬೇರೆ ಬದುಕಿಗೆ ಹಚ್ಚಿದ್ದ ಊರು. ‘ಮಿಡ್‌ನೈಟ್ ಅವರ್’ ಹಾಡನ್ನು ಪಿಕೆಟ್ ಮತ್ತು ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಕೂತು ಬರೆದದ್ದು ಲೊರೇನ್ ಮೋಟೆಲಿನಲ್ಲಿ. ಅದೇ ಮೋಟೆಲಿನ ಬಾಲ್ಕನಿಯಲ್ಲಿ 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಕ್ಕಿ ಕೊಂದರು. ಇಂಥ ಊರಿನಲ್ಲಿ ಇಬ್ಬರು ಅಕ್ಕಪಕ್ಕ ನಿಂತು ಒಂದೇ ಗಳಿಗೆಯಲ್ಲಿ ಉಸಿರೆಳೆದುಕೊಂಡು, ಒಂದೇ ಗಳಿಗೆಯಲ್ಲಿ ಸ್ವರ ನಿಲ್ಲಿಸುತ್ತಿದ್ದರು. ನಾನು ಪರದೆಯ ಮೇಲೆ ಇಬ್ಬರ ಸ್ವರಗಳ ಕೊನೆಯನ್ನು ಹೊಂದಿಸುವಾಗ ಇದು ನೆನಪಾಗದೆ ಇರುವುದಿಲ್ಲ. 2012ರಲ್ಲಿ ಮೆಂಫಿಸ್ ಹಾರ್ನ್ಸ್‌ಗೆ ಜೀವಮಾನ ಸಾಧನೆಯ ಗ್ರ್ಯಾಮಿ ಬಂತು. ಅದೇ ವರ್ಷ ಲವ್ ತೀರಿಕೊಂಡರು, 2016ರಲ್ಲಿ ಜಾಕ್ಸನ್.

ನಮ್ಮ ಸಿನಿಮಾ ಸಂಗೀತದಲ್ಲೂ ಟ್ರಂಪೆಟ್, ಸ್ಯಾಕ್ಸ್ ಊದುವವರು ಸ್ಟುಡಿಯೊ ತುಂಬ ಇದ್ದ ಕಾಲವಿತ್ತು. ಕೀಬೋರ್ಡ್ ಬಂದ ಮೇಲೆ ಅವರಲ್ಲಿ ಎಷ್ಟೋ ಜನರ ಕೆಲಸ ಹೋಯಿತು, ಹಾಡಿನ ಕ್ಯಾಸೆಟ್ಟಿನ ಮೇಲಂತೂ ಅವರ ಹೆಸರು ಮೊದಲೂ ಇರಲಿಲ್ಲ. ನಾನು ಬಳಸುವ ಸಾಧನ ಅದೇ ಸಾಲಿನದು ಅನ್ನುವ ಅರಿವು ನನಗಿದೆ. ಇಬ್ಬರು ವಾದಕರನ್ನು ಕರೆಸಿ ಸಂಭಾವನೆ ಕೊಡುವಷ್ಟು ಹಣ ಇದ್ದ ಕೆಲಸಗಳಲ್ಲಿ ನಾನು ಸಾಫ್ಟ್‌ವೇರ್ ಬಳಸುವುದಿಲ್ಲ. ಕಟ್ಟಿದ ಟ್ರ್ಯಾಕನ್ನು ಅವರಿಗೆ ಮೊದಲೇ ಕಳಿಸುತ್ತೇನೆ, ಅವರು ಬಂದು ಅದರಲ್ಲಿ ಅರ್ಧವನ್ನು ಬದಲಾಯಿಸುತ್ತಾರೆ. ಹಣವಿಲ್ಲದ ಹಾಡುಗಳಲ್ಲಿ ಹಾರ್ನ್ಸ್ ಕಂಪ್ಯೂಟರಿನದು ಅಂತ ಬರೆಯುತ್ತೇನೆ, ಲೈಬ್ರರಿ ಮಾಡಿದವರು ವಾದಕರ ಹೆಸರು ಕೊಟ್ಟಿದ್ದರೆ ಅದನ್ನೂ ಬರೆಯುತ್ತೇನೆ. ಬಹಳಷ್ಟು ಲೈಬ್ರರಿಗಳಲ್ಲಿ ಮೈಕಿನ ಹೆಸರು, ಸ್ಟುಡಿಯೊದ ಹೆಸರು ಎದ್ದು ಕಾಣುವಂತೆ ಇರುತ್ತವೆ. ಊದಿದವರ ಹೆಸರನ್ನು ಹುಡುಕಬೇಕಾಗುತ್ತದೆ. ಸಿಕ್ಕದಿದ್ದರೆ ತಯಾರಕರಿಗೆ ಪತ್ರ ಬರೆದು ಕೇಳುತ್ತೇನೆ.